ಶಾಸನಪಾಠದ ಹರಿವು: ಪುಟವಿನ್ಯಾಸದಲ್ಲಿ ಸಾಲಿನ ಕ್ರಮ ಕಾಯುವುದು ಹೇಗೆ?

ಶಾಸನ ಓದುವವರಿಗೆ ಸಾಲಿನ ಕ್ರಮವೇ ಮೊದಲ ಆಧಾರ. ದಾನ ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ ಅನ್ನುವುದೆಲ್ಲ ಸಾಲುಗಳು ಸರಿಯಾಗಿ ಬಂದರೆ ಮಾತ್ರ ಅರ್ಥವಾಗುತ್ತೆ. ಕಲ್ಲಿನ ಮೇಲಿನ ಕ್ರಮವನ್ನು ಕಷ್ಟಪಟ್ಟು ಗುರುತಿಸಿ, ಕೊನೆಗೆ ಪುಟ ಕಟ್ಟುವಾಗ ಅದನ್ನೇ ಕಳೆದುಕೊಂಡರೆ ಏನು ಬಂತು? ಸಂಪುಟಗಳು ಈಗ ಅಚ್ಚಿನ ಜೊತೆಗೆ ಪಿಡಿಎಫ್ ಮತ್ತು ಇ-ಪುಸ್ತಕವಾಗಿಯೂ ಬರುತ್ತಿರುವುದರಿಂದ ಈ ಸಮಸ್ಯೆಯನ್ನು ಸಂಪಾದಕರೂ ತಿಳಿದಿರಬೇಕು. ಡಿಟಿಪಿ ಮಾಡುವವರಿಗೆ ಬಿಟ್ಟರೆ ಸಾಲದು.

ಕ್ರಮದ ಚಿಂತೆ ಹೊಸದೇನಲ್ಲ. ತಾಮ್ರಪಟಗಳನ್ನು ನೋಡಿ. ಸಾಮಾನ್ಯವಾಗಿ ಮೊದಲ ಹಲಗೆಯ ಹೊರಮೈ ಖಾಲಿ. ಬರಹ ಅದರ ಒಳಮೈಯಲ್ಲಿ ಶುರುವಾಗಿ ಎರಡನೆಯ ಹಲಗೆಯ ಎರಡೂ ಮೈಗಳಲ್ಲಿ ಮುಂದುವರಿಯುತ್ತದೆ. ಹಲಗೆಗಳು ಹಿಂದುಮುಂದಾಗದಂತೆ ಉಂಗುರ ಪೋಣಿಸಿ ಮುದ್ರೆ ಒತ್ತುತ್ತಿದ್ದರು. ಕರ್ನೂಲು ಸೀಮೆಯ ಎರ್ರಗುಡಿಯ ಅಶೋಕನ ಕಿರುಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೆ ಹೋದರೆ ಕೆಲವು ಬಲದಿಂದ ಎಡಕ್ಕೆ ಬರುತ್ತವೆ. ಬ್ರಹ್ಮಗಿರಿಯಲ್ಲಿ ಲಿಪಿಕಾರ ಚಪಡ ಬ್ರಾಹ್ಮಿಯಲ್ಲಿ ಬರೆದು, ಕೊನೆಯ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಕಣ್ಣಿಗೆ ಕಾಣುವ ಕ್ರಮ ಬೇರೆ, ಓದುವ ಕ್ರಮ ಬೇರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್‌ಡಿಸೈನ್, ಸ್ಕ್ರೈಬಸ್‌ನಂಥ ತಂತ್ರಾಂಶಗಳಲ್ಲೂ ಹಾಗೇ. ಪಠ್ಯ ಇರುವುದು ಚೌಕಟ್ಟುಗಳಲ್ಲಿ. ಒಂದು ಚೌಕಟ್ಟು ತುಂಬಿದರೆ ಉಳಿದದ್ದು ಮುಂದಿನದಕ್ಕೆ ಹರಿಯಬೇಕಾದರೆ ಅವೆರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಈ ಕೊಂಡಿಯೇ ತಾಮ್ರಪಟದ ಉಂಗುರ ಇದ್ದ ಹಾಗೆ. ಜೋಡಿಸದೆ ಪ್ರತಿ ಪುಟಕ್ಕೂ ಪಠ್ಯವನ್ನು ತುಂಡು ತುಂಡಾಗಿ ಅಂಟಿಸಿದರೆ ಅಚ್ಚಿನಲ್ಲಿ ವ್ಯತ್ಯಾಸವೇ ತಿಳಿಯಲ್ಲ. ಆದರೆ ಎರಡು ಸಾಲು ಸೇರಿಸಬೇಕಾದಾಗ ಅಥವಾ ಇ-ಪುಸ್ತಕ ಮಾಡುವಾಗ ಎಲ್ಲ ಕಲಸಿಹೋಗುತ್ತೆ.

ನಮ್ಮ ಕೆಲಸದಲ್ಲಿ ಹೆಚ್ಚು ತೊಂದರೆ ಕೊಡುವುದು ಸಾಲುಸಂಖ್ಯೆ. ಸಂಖ್ಯೆಗಳನ್ನೆಲ್ಲ ಎಡಕ್ಕೆ ಬೇರೆ ಚೌಕಟ್ಟಿನಲ್ಲಿ ಇಟ್ಟರೆ ನೋಡಲು ಚೆನ್ನ. ಆದರೆ ಪಾಠದ ಒಂದು ಉದ್ದ ಸಾಲು ಮಡಚಿಕೊಂಡರೆ ಅದರ ಕೆಳಗಿನ ಸಂಖ್ಯೆಗಳೆಲ್ಲ ತಪ್ಪುತ್ತವೆ. ಇ-ಪುಸ್ತಕದಲ್ಲಂತೂ ಮೊದಲು 1ರಿಂದ 30ರವರೆಗೆ ಬರೀ ಅಂಕಿಗಳು, ಆಮೇಲೆ ಪಾಠ! ಆದ್ದರಿಂದ ಶಾಸನದ ಒಂದು ಸಾಲಿಗೆ ಒಂದು ಪ್ಯಾರಾ ಮಾಡಿ, ಸಂಖ್ಯೆಯನ್ನು ಅದೇ ಪ್ಯಾರಾದ ಮೊದಲಲ್ಲಿ ಟ್ಯಾಬ್ ಕೊಟ್ಟು ಇಡಬೇಕು. ಮಡಚಿದ ಭಾಗ ಒಳಕ್ಕೆ ಸರಿದು ನಿಂತರೆ ಅದು ಹೊಸ ಸಾಲಲ್ಲ ಅಂತ ಓದುಗನಿಗೆ ಗೊತ್ತಾಗುತ್ತೆ.

ಚಿತ್ರಗಳನ್ನು ಪುಟದ ಮೇಲೆ ಸುಮ್ಮನೆ ಇಡದೆ ಪಠ್ಯದಲ್ಲಿ ಸಂಬಂಧಪಟ್ಟ ಜಾಗಕ್ಕೇ ಕಟ್ಟಬೇಕು. ಆಗ ಪಠ್ಯ ಸರಿದಂತೆ ಚಿತ್ರವೂ ಸರಿಯುತ್ತದೆ. ವೀರಗಲ್ಲಿಗೆ ಇನ್ನೂ ಎಚ್ಚರ ಬೇಕು. ಶಿಲ್ಪಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ದೇವರ ಸನ್ನಿಧಿ. ನಡುವಿನ ಪಟ್ಟಿಗಳ ಬರಹ ಮಾತ್ರ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ. ಹೀಗಾಗಿ ಪಟ್ಟಿಕೆಗಳ ಬಿಡಿ ಫೋಟೋ ಹಾಕುವಾಗ ಯಾವ ಕ್ರಮ ಅಂತ ಮೊದಲೇ ನಿರ್ಧರಿಸಿ ಶೀರ್ಷಿಕೆಯಲ್ಲಿ ಬರೆಯಬೇಕು.

ಇನ್ನು ಊರುಗಳ ಕ್ರಮ. ಕೊಪ್ಪಳ ತಾಲೂಕಿನ ಊರುಗಳನ್ನು ಅಕಾರಾದಿಯಾಗಿ ಇಟ್ಟರೆ ಗಿಣಿಗೇರಾ ಮೊದಲು, ಗೊಂಡಬಾಳ ಆಮೇಲೆ. ‘ಗಿಣಿಗೇರಾ’ ಎಂಬ ತಲೆಬರಹ ಪುಟದ ತಳದಲ್ಲಿ ಒಂಟಿಯಾಗಿ ಉಳಿದು ಪಾಠ ಮುಂದಿನ ಪುಟಕ್ಕೆ ಹೋದರೆ, ಆ ಪುಟವನ್ನಷ್ಟೇ ನಕಲು ತೆಗೆದುಕೊಂಡವರಿಗೆ ಶಾಸನ ಯಾವ ಊರಿನದು ಅಂತಲೇ ತಿಳಿಯಲ್ಲ. ತಲೆಬರಹದ ಶೈಲಿಯಲ್ಲಿ ‘ಮುಂದಿನ ಸಾಲುಗಳ ಜೊತೆಗೇ ಇರಲಿ’ ಎಂಬ ಆಯ್ಕೆ ಹಾಕಿದರೆ ಇದು ತಪ್ಪುತ್ತದೆ. ಊರಿನ ಹೆಸರು ಪುಟದ ನೆತ್ತಿಯಲ್ಲೂ ಬರುವಂತೆ ಮಾಡುವುದು ಇನ್ನೂ ಒಳ್ಳೆಯದು.

ತಾಲೂಕುಗಳೂ ಬದಲಾಗುತ್ತವೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಜಿಲ್ಲೆಯಲ್ಲಿ ಇದ್ದದ್ದು ನಾಲ್ಕೇ ತಾಲೂಕು. ಆಮೇಲೆ ಕುಕನೂರು, ಕನಕಗಿರಿ, ಕಾರಟಗಿ ಸೇರಿದವು. 1112ರ ಮಹಾದೇವ ದೇವಾಲಯವಿರುವ ಇಟಗಿ ಹಿಂದೆ ಯಲಬುರ್ಗಾ ತಾಲೂಕು, ಈಗ ಕುಕನೂರು. ಮರುಮುದ್ರಣದಲ್ಲಿ ಹೊಸ ತಾಲೂಕಿನಂತೆ ಜೋಡಿಸಿ ಸಂಖ್ಯೆಗಳನ್ನು ತಾನಾಗಿಯೇ ಬರುವಂತೆ ಬಿಟ್ಟರೆ ಹಳೆಯ ಲೇಖನಗಳ ಉಲ್ಲೇಖಗಳು ಬೇರೆ ಶಾಸನವನ್ನು ತೋರಿಸುತ್ತವೆ. ಹಳೆಯ ಸಂಖ್ಯೆಯನ್ನು ಬದಲಾಗದ ಪಠ್ಯವಾಗಿಯೇ ಉಳಿಸಿ, ಕೊನೆಯಲ್ಲಿ ಹೊಂದಾಣಿಕೆ ಪಟ್ಟಿ ಕೊಡಬೇಕು.

ಇ-ಪುಸ್ತಕ ಮಾಡುವಾಗ ಇನ್‌ಡಿಸೈನ್ ನಾವು ಬೇರೆ ಹೇಳದಿದ್ದರೆ ಚೌಕಟ್ಟುಗಳನ್ನು ಪುಟದ ಮೇಲೆ ಅವು ಇರುವ ಜಾಗ ನೋಡಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಪೋಣಿಸುತ್ತೆ. ‘ಆರ್ಟಿಕಲ್ಸ್’ ಫಲಕದಲ್ಲಿ ಶೀರ್ಷಿಕೆ, ಪಾಠ, ಸಾರಾಂಶ ಹೀಗೆ ಕ್ರಮ ಕೊಟ್ಟು, ಹೊರತೆಗೆಯುವಾಗ ಅದನ್ನೇ ಅನುಸರಿಸು ಅಂತ ಆಯ್ಕೆ ಮಾಡಬೇಕು. ಕಣ್ಣು ಕಾಣದ ಓದುಗರಿಗೆ ಪುಸ್ತಕ ಓದಿ ಹೇಳುವ ತಂತ್ರಾಂಶಕ್ಕೆ ಸಿಗುವುದು ಈ ಕ್ರಮವೇ.

ಕ್ರಮದ ತೊಡಕು ಅಕ್ಷರದೊಳಗೂ ಇದೆ. ‘ಧರ್ಮ’ದಲ್ಲಿ ಅರ್ಕಾವತ್ತು ಕಾಣುವುದು ಮಕಾರದ ನಂತರ, ಆದರೆ ಉಚ್ಚಾರಣೆಯಲ್ಲಿ ಮತ್ತು ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ಹಳಗನ್ನಡ ಶಾಸನಗಳಲ್ಲಿ ಆ ರೇಫ ಅಕ್ಷರದ ನೆತ್ತಿಯ ಮೇಲೆ ಇರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳು ಕಾಣುವ ಕ್ರಮದಲ್ಲೇ ಉಳಿಸುತ್ತಿದ್ದವು. ಹಾಗಾಗಿ ಹಳೆಯ ಪೇಜ್‌ಮೇಕರ್ ಕಡತಗಳಿಗೆ ಫಾಂಟ್ ಬದಲಿಸಿದರೆ ಸಾಲದು, ಪರಿವರ್ತಕದಿಂದ ಬದಲಿಸಿ ಒಂದೊಂದು ಸಾಲನ್ನೂ ತಾಳೆ ನೋಡಬೇಕು.

ಅಚ್ಚಿಗೆ ಕಳಿಸುವ ಮುನ್ನ ಇಡೀ ಪುಸ್ತಕವನ್ನು ಇ-ಪುಸ್ತಕವಾಗಿ ತೆಗೆದು, ಅಲಂಕಾರವಿಲ್ಲದ ಬರೀ ಪಠ್ಯವಾಗಿ ಓದಿ. ಊರು, ಸಂಖ್ಯೆ, ಪಾಠ, ಟಿಪ್ಪಣಿ ಅನುಕ್ರಮವಾಗಿ ಬಂದರೆ ಹರಿವು ಸರಿಯಿದೆ. ಪಿಡಿಎಫ್‌ನಿಂದ ನಕಲು ಮಾಡಿದ ಕನ್ನಡ ಹಲವು ಸಲ ಒಡೆದು ಬರುವುದರಿಂದ ಯೂನಿಕೋಡ್ ಪಾಠದ ಕಡತವೊಂದನ್ನು ಬೇರೆಯಾಗಿ ಕಾಪಿಡಿ. ಕಲ್ಲು ಸವೆದುಹೋದ ಮೇಲೆ ಉಳಿಯುವುದು ಆ ಪಾಠವೇ.