ಹಳೇ ‘ಜಿಟಿ’ ಇಟ್ಟುಕೊಳ್ಳುವುದಾ, ಮಾರಿ ಹೊಸದು ತೆಗೆಯುವುದಾ? ಮೊದಲು ಮೂರು ವರ್ಷದ ಲೆಕ್ಕ ಹಾಕಿ

ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಷಟ್ಪಥವಾದ ಮೇಲೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹುಡುಗರ ಬಾಯಲ್ಲಿ ಕಾರಿನ ಮಾತು ಸ್ವಲ್ಪ ಜಾಸ್ತಿಯೇ ಆಗಿದೆ. ಅದರಲ್ಲಿ ಪದೇ ಪದೇ ಬರುವ ಪ್ರಶ್ನೆ ಒಂದು: ಹತ್ತು ವರ್ಷ ದಾಟಿದ ಸ್ಪೀಡ್ ಕಾರು ಮನೆಯಲ್ಲಿದೆ, ಅದಕ್ಕೆ ಇನ್ನೂ ದುಡ್ಡು ಹಾಕುವುದಾ, ಇಲ್ಲ ಕೊಟ್ಟು ಹೊಸದು ತೆಗೆಯುವುದಾ?

ನಮ್ಮ ಕಡೆ ‘ಸ್ಪೋರ್ಟ್ಸ್ ಕಾರು’ ಅಂದರೆ ಪೋರ್ಷೆ, ಫೆರಾರಿ ಅಲ್ಲ. ಅದೆಲ್ಲ ದುಬೈಯಲ್ಲಿರುವ ಸಂಬಂಧಿಕರು ಕಳಿಸುವ ಫೋಟೋದಲ್ಲಿ ಮಾತ್ರ. ಇಲ್ಲಿ ಜನ ಪ್ರೀತಿಯಿಂದ ಇಟ್ಟುಕೊಂಡದ್ದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಹಳೇ ಲ್ಯಾನ್ಸರ್, ಹಳೇ ಸಿಟಿ ವಿಟೆಕ್ ಇಂಥವು. ಈ ಲೇಖನದಲ್ಲಿ ಪೋಲೋ ಜಿಟಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಲೆಕ್ಕದ ದಾರಿ ಬೇರೆ ಕಾರಿಗೂ ಅದೇ.

ಪೋಲೋ ಜಿಟಿ ಟಿಎಸ್‌ಐ ನಮ್ಮ ದೇಶಕ್ಕೆ ಬಂದದ್ದು 2013ರಲ್ಲಿ. 1.2 ಲೀಟರ್ ಟರ್ಬೋ ಪೆಟ್ರೋಲ್ ಇಂಜಿನ್, 105 ಪಿಎಸ್ ಶಕ್ತಿ, 7 ಸ್ಪೀಡಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಸೊನ್ನೆಯಿಂದ ನೂರಕ್ಕೆ 9.7 ಸೆಕೆಂಡ್ ಅಂತ ಕಂಪೆನಿ ಹೇಳಿತ್ತು. ಆ ಕಾಲದ ಹ್ಯಾಚ್‌ಬ್ಯಾಕ್‌ಗಳಲ್ಲಿ ಅದು ದೊಡ್ಡ ಮಾತು. 2020ರಲ್ಲಿ ಇಂಜಿನ್ ಬದಲಾಯಿತು, 2022ರಲ್ಲಿ ಪೋಲೋ ಮಾರಾಟವೇ ನಿಂತಿತು. ಇನ್ನು ಅಂಥದ್ದು ಹೊಸದಾಗಿ ಸಿಗುವುದಿಲ್ಲ ಎಂಬುದೇ ಮಾಲಕರಿಗೆ ಕೊಡಲು ಮನಸ್ಸು ಬಾರದಿರಲು ಒಂದು ಕಾರಣ.

ಹಾಕಿದ ಹಣ ಲೆಕ್ಕಕ್ಕೆ ಬರುವುದಿಲ್ಲ

“ಕಳೆದ ವರ್ಷವಷ್ಟೇ ಸಸ್ಪೆನ್ಷನ್‌ಗೆ ಎಂಬತ್ತು ಸಾವಿರ ಹಾಕಿದ್ದೇನೆ, ಈಗ ಹೇಗೆ ಮಾರುವುದು?” ಎಂದು ಕೇಳುವವರಿದ್ದಾರೆ. ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗೋದಾಮಿನಲ್ಲಿ ಬಿದ್ದಿರುವ ಮಾಲನ್ನು ಎಷ್ಟಕ್ಕೆ ತಂದಿದ್ದೆವು ಅನ್ನುವುದು ಇವತ್ತಿನ ಗಿರಾಕಿಗೆ ಬೇಡ. ಇವತ್ತು ಅದಕ್ಕೆ ಎಷ್ಟು ಸಿಗುತ್ತದೆ, ಇಟ್ಟುಕೊಂಡರೆ ಮುಂದೆ ಎಷ್ಟು ಖರ್ಚು ಬರುತ್ತದೆ, ಇಷ್ಟೇ ಪ್ರಶ್ನೆ. ಕಾರಿಗೂ ಅದೇ ಮಾತು. ಹಿಂದೆ ಹಾಕಿದ್ದು ಹೋಯಿತು. ಮುಂದಿನ ಮೂರು ವರ್ಷದಲ್ಲಿ ಕೈಯಿಂದ ಹೋಗುವುದೆಷ್ಟು ಅಂತ ಎರಡೂ ಕಡೆ ಬರೆದು ನೋಡಬೇಕು.

ಒಂದು ಅಂದಾಜು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ, ನಿಮ್ಮ ಕಾರಿನದ್ದನ್ನು ನೀವು ಹಾಕಿಕೊಳ್ಳಿ.

ಹಳೇ ಕಾರು ಇಟ್ಟುಕೊಂಡರೆ: ಈಗ ಮಾರಿದರೆ 4.50 ಲಕ್ಷ ರೂ. ಸಿಗುತ್ತದೆ, ಮೂರು ವರ್ಷ ಬಿಟ್ಟರೆ 3 ಲಕ್ಷ ಅಂತಿಟ್ಟುಕೊಳ್ಳಿ. ಬೆಲೆ ಇಳಿಕೆ 1.50 ಲಕ್ಷ. ಒಂದು ದೊಡ್ಡ ರಿಪೇರಿ ಬಂದೇ ಬರುತ್ತದೆ ಅಂತ 2 ಲಕ್ಷ ತೆಗೆದಿಡಿ. ವರ್ಷಕ್ಕೆ 30 ಸಾವಿರದಂತೆ ಸರ್ವೀಸಿಗೆ 90 ಸಾವಿರ, ವರ್ಷಕ್ಕೆ 15 ಸಾವಿರದಂತೆ ಇನ್ಶೂರೆನ್ಸಿಗೆ 45 ಸಾವಿರ, ಟಯರಿಗೆ 35 ಸಾವಿರ. ಒಟ್ಟು 5.20 ಲಕ್ಷ.

ಹೊಸದು ತೆಗೆದರೆ: ರಸ್ತೆಗಿಳಿಯುವಾಗ 20 ಲಕ್ಷ. ಹಳೇದು ಕೊಟ್ಟ 4.50 ಲಕ್ಷಕ್ಕೆ ಕೈಯಿಂದ 1.50 ಲಕ್ಷ ಸೇರಿಸಿ, ಉಳಿದ 14 ಲಕ್ಷ ಬ್ಯಾಂಕ್ ಸಾಲ. ಶೇ. 9 ಬಡ್ಡಿ, 5 ವರ್ಷ ಅವಧಿ ಅಂದರೆ ತಿಂಗಳ ಕಂತು ಸುಮಾರು 29,060 ರೂ. ಮೊದಲ ಮೂರು ವರ್ಷದಲ್ಲಿ ಬಡ್ಡಿಯೇ 2.82 ಲಕ್ಷ ಹೋಗುತ್ತದೆ. ಮೂರು ವರ್ಷದ ಕೊನೆಗೆ ಕಾರಿಗೆ 12 ಲಕ್ಷ ಸಿಕ್ಕಿದರೆ ಬೆಲೆ ಇಳಿಕೆ 8 ಲಕ್ಷ. ಇನ್ಶೂರೆನ್ಸ್ 1.55 ಲಕ್ಷ, ಸರ್ವೀಸ್ 40 ಸಾವಿರ. ಒಟ್ಟು 12.77 ಲಕ್ಷ.

ವ್ಯತ್ಯಾಸ 7.57 ಲಕ್ಷ. ಅಂದರೆ ತಿಂಗಳಿಗೆ ಸುಮಾರು 21 ಸಾವಿರ ರೂ. “ಹಳೇ ಕಾರು ದುಡ್ಡು ತಿನ್ನುತ್ತದೆ” ಅನ್ನುವ ಮಾತು ಸುಳ್ಳಲ್ಲ. ಆದರೆ ಹೊಸದು ಅದಕ್ಕಿಂತ ಜಾಸ್ತಿ ತಿನ್ನುತ್ತದೆ, ಸದ್ದಿಲ್ಲದೆ. ಹಳೇದರ ಖರ್ಚು ಗ್ಯಾರೇಜ್ ಬಿಲ್ಲಿನಲ್ಲಿ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ, ಹೊಸದರ ಬೆಲೆ ಇಳಿಕೆಗೆ ಯಾರೂ ಬಿಲ್ ಕೊಡುವುದಿಲ್ಲ.

ಹಾಗಾದರೆ ಯಾವಾಗ ಕೊಡಬೇಕು?

ದುಡ್ಡಿನ ಲೆಕ್ಕದಲ್ಲಿ ಹಳೇದು ಗೆದ್ದಿತು ಅಂತ ಕಣ್ಣುಮುಚ್ಚಿ ಇಟ್ಟುಕೊಳ್ಳಲೂ ಬಾರದು. ಗುರುತಿಟ್ಟುಕೊಳ್ಳಬೇಕಾದ್ದು ಇಷ್ಟು: ಯಂತ್ರ ಸವೆದರೆ ಬದಲಿಸಬಹುದು, ಬಾಡಿ ಹೋದರೆ ಬಿಡುವುದೇ ಲೇಸು.

ಡಿಎಸ್‌ಜಿಯನ್ನೇ ನೋಡಿ. ಅದರಲ್ಲಿರುವುದು ಎಣ್ಣೆಯಲ್ಲಿ ಮುಳುಗದ ಎರಡು ಒಣ ಕ್ಲಚ್‌ಗಳು, ಅವುಗಳನ್ನು ನಡೆಸುವ ಮೆಕಟ್ರಾನಿಕ್ ಎಂಬ ಒಂದು ಯೂನಿಟ್. ಟ್ರಾಫಿಕ್‌ನಲ್ಲಿ ಇಂಚಿಂಚಾಗಿ ಮುಂದೆ ಹೋಗುವಾಗ ಕ್ಲಚ್ ಬಿಸಿಯಾಗಿ ಸವೆಯುತ್ತದೆ. ಪಂಪ್‌ವೆಲ್‌ನಲ್ಲಿ ದಿನಾ ಸಿಕ್ಕಿಹಾಕಿಕೊಳ್ಳುವ ಕಾರಿಗೂ ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಓಡುವ ಕಾರಿಗೂ ವ್ಯತ್ಯಾಸ ಬರುವುದು ಇದರಿಂದಲೇ. ಮೆಕಟ್ರಾನಿಕ್ ಹೋದರೆ ಖರ್ಚು ಲಕ್ಷ ದಾಟಬಹುದು. ಆದರೂ ಅದು ಒಮ್ಮೆಯ ಖರ್ಚು, ಸರಿಯಾದ ಕೈಯಲ್ಲಿ ರಿಪೇರಿಯಾದರೆ ಕಾರು ಮತ್ತೆ ಕಾರೇ. ಟರ್ಬೋ, ಇಂಜೆಕ್ಟರ್, ಎ.ಸಿ. ಕಂಪ್ರೆಸರ್, ಸಸ್ಪೆನ್ಷನ್ ಎಲ್ಲ ಇದೇ ಸಾಲಿಗೆ ಸೇರಿದ್ದು. ನಿಮ್ಮ ಇಂಜಿನಿನಲ್ಲಿರುವುದು ಟೈಮಿಂಗ್ ಚೈನೋ ಬೆಲ್ಟೋ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಬೆಲ್ಟ್ ಆದರೆ ಕಡಿಯುವ ಮೊದಲೇ ಬದಲಿಸಬೇಕು.

ಬಾಡಿಯ ಕಥೆ ಬೇರೆ. ನಮ್ಮದು ಕಡಲ ತೀರ. ಉಪ್ಪು ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ರ್‍ಯಾಂಪಿಗೆ ಏರಿಸಿ ಅಡಿಭಾಗ ನೋಡಿಸಿ. ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ನೆಲದ ತಗಡು ಇಲ್ಲೆಲ್ಲ ತುಕ್ಕು ಹಿಡಿದಿದ್ದರೆ, ದೊಡ್ಡ ಅಪಘಾತದಲ್ಲಿ ಚಾಸಿಸ್ ಎಳೆದು ಸರಿಮಾಡಿದ್ದರೆ, ಅಥವಾ ನೆರೆ ನೀರಿನಲ್ಲಿ ಮುಳುಗಿದ್ದರೆ, ಅಂಥ ಕಾರಿಗೆ ಹೊಸ ಗೇರ್‌ಬಾಕ್ಸ್ ಹಾಕುವುದು ಬಿರುಕು ಬಿಟ್ಟ ಗೋಡೆಗೆ ಟೈಲ್ಸ್ ಹಚ್ಚಿದ ಹಾಗೆ.

ಎರಡನೆಯದು, ಮನೆಯಲ್ಲಿ ಅದೊಂದೇ ಕಾರಾ? ಉಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕೂ ಅದೇ, ಮಕ್ಕಳನ್ನು ಮದ್ರಸಕ್ಕೆ ಬಿಡಲಿಕ್ಕೂ ಅದೇ ಅಂತಾದರೆ, ಬಿಡಿಭಾಗಕ್ಕಾಗಿ ಎರಡು ವಾರ ಗ್ಯಾರೇಜಿನಲ್ಲಿ ನಿಲ್ಲುವ ಕಾರು ಪ್ರಯೋಜನಕ್ಕಿಲ್ಲ. ಅಂಥ ಮನೆಗೆ ಕೊಡುವುದೇ ಸರಿ.

ಮೂರನೆಯದು ಸುರಕ್ಷತೆ. 2014ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸಿಕ್ಕಿದ್ದು ಸೊನ್ನೆ ಸ್ಟಾರ್, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ ನಾಲ್ಕು. ಅದೇ ಕಂಪೆನಿಯ ವರ್ಟಸ್‌ಗೆ 2023ರಲ್ಲಿ ಐದು ಸ್ಟಾರ್ ಬಂತು. ಹಳೇ ಕಾರಿನ ಏರ್‌ಬ್ಯಾಗ್ ಲೈಟ್ ಉರಿಯುತ್ತಿದ್ದರೆ, ಅಥವಾ ಹಿಂದಿನ ಮಾಲಕ ಅಪಘಾತವಾದ ಮೇಲೆ ಬ್ಯಾಗ್ ಹಾಕದೆ ಮುಚ್ಚಿ ಕೊಟ್ಟಿದ್ದರೆ, ಇಟ್ಟುಕೊಳ್ಳುವ ಮಾತು ಅಲ್ಲಿಗೇ ಮುಗಿಯಿತು.

ಹದಿನೈದು ವರ್ಷದ ಗಡುವು

ದಿಲ್ಲಿಯ 10 ಮತ್ತು 15 ವರ್ಷದ ನಿಯಮ ಕೇಳಿ ನಮ್ಮವರೂ ಹೆದರುತ್ತಾರೆ. ಅದು ರಾಜಧಾನಿ ಪ್ರದೇಶಕ್ಕೆ ಮಾತ್ರ. ಕೇರಳದಲ್ಲಾಗಲಿ ಕರ್ನಾಟಕದಲ್ಲಾಗಲಿ 15 ವರ್ಷ ತುಂಬಿದ ಸ್ವಂತ ಕಾರನ್ನು ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಆದರೆ ಖರ್ಚು ಏರಿದೆ. ಕೇಂದ್ರದ ಮರುನೋಂದಣಿ ಶುಲ್ಕ 2022ರ ಎಪ್ರಿಲ್‌ನಲ್ಲಿ 600ರಿಂದ 5,000 ರೂ.ಗೆ ಹೋಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಕೇರಳ ಸರಕಾರ 15 ವರ್ಷ ದಾಟಿದ ಖಾಸಗಿ ವಾಹನಗಳ ತೆರಿಗೆಯನ್ನು 2025ರ ಎಪ್ರಿಲ್‌ನಿಂದ ಶೇ. 50 ಹೆಚ್ಚಿಸಿದೆ. ಮೊದಲ ಪೋಲೋ ಜಿಟಿಗಳಿಗೆ 15 ತುಂಬುವುದು 2028ರಲ್ಲಿ. ಮೂರು ವರ್ಷದ ಲೆಕ್ಕದಲ್ಲಿ ಇದನ್ನೂ ಸೇರಿಸಿ.

ಪೆಟ್ರೋಲ್ ವಿಷಯವೂ ಇದೆ. ಈಗ ಪಂಪಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಸೇರಿದ್ದು. ಹಳೇ ಕಾರುಗಳು ಅದಕ್ಕಾಗಿ ತಯಾರಾದವಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ರಬ್ಬರ್ ಪೈಪ್, ಸೀಲ್‌ಗಳನ್ನು ಆಗಾಗ ನೋಡಿಸಿ ಬೇಕಾದಲ್ಲಿ ಬದಲಿಸಬೇಕು. ತಿಂಗಳುಗಟ್ಟಲೆ ಓಡಿಸದೆ ಟ್ಯಾಂಕ್ ತುಂಬಿಸಿ ನಿಲ್ಲಿಸಬೇಡಿ. ಗಲ್ಫ್‌ನಲ್ಲಿರುವವರು ರಜೆಗೆ ಬಂದಾಗ ಮಾತ್ರ ಓಡಿಸುವ ಕಾರುಗಳಿಗೆ ಇದು ಮುಖ್ಯ.

ಇನ್ನು ಕೆಲವರು ಕಾರು ಮಾರುವ ಬದಲು ಇಂಜಿನ್ ರೀಮ್ಯಾಪ್, ದೊಡ್ಡ ಸೈಲೆನ್ಸರ್ ಅಂತ ಹೊರಡುತ್ತಾರೆ. ಕಂಪೆನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ದಂಡ ಒಂದು ಕಡೆ, ತಿಳಿಸದೆ ಮಾಡಿದ ಬದಲಾವಣೆಯ ನೆಪದಲ್ಲಿ ಇನ್ಶೂರೆನ್ಸ್ ಕ್ಲೇಮ್ ತಪ್ಪಿದರೆ ಅದು ದೊಡ್ಡ ನಷ್ಟ.

ಸಾಲ, ಬಡ್ಡಿ, ಝಕಾತ್

ಹೊಸ ಕಾರಿನ ಲೆಕ್ಕದಲ್ಲಿ 2.82 ಲಕ್ಷ ಬಡ್ಡಿ ಅಂತ ಬರೆದೆವಲ್ಲ, ನಮಗೆ ಅದು ಬರೀ ಖರ್ಚಿನ ಬಾಬ್ತು ಅಲ್ಲ. ಮನೆ ಕಟ್ಟಲು, ಮದ್ದಿಗೆ ಬೇರೆ ದಾರಿಯಿಲ್ಲದೆ ಸಾಲ ಮಾಡುವವರ ಮಾತು ಬೇರೆ. ಓಡುವ ಕಾರು ಅಂಗಳದಲ್ಲಿರುವಾಗ ಇನ್ನೂ ಸ್ಪೀಡಿನದ್ದು ಬೇಕು ಅಂತ ಬಡ್ಡಿಗೆ ಕೈಹಾಕುವುದನ್ನು ಯಾವ ಅನಿವಾರ್ಯ ಅಂತ ಹೇಳುವುದು? ಮಸ್‌ಅಲ ಉಸ್ತಾದರಲ್ಲಿ ಕೇಳಿ. ಲೆಕ್ಕ ಮಾತ್ರ ಇಲ್ಲಿ ಹೇಳಬಹುದು: ಕಂತಿಗೆ ಹೋಗುವ 29 ಸಾವಿರದಲ್ಲಿ 9 ಸಾವಿರ ಹಳೇ ಕಾರಿಗೆ ತೆಗೆದಿಟ್ಟು, 20 ಸಾವಿರ ಕೂಡಿಟ್ಟರೆ ಮೂರು ವರ್ಷಕ್ಕೆ 7.20 ಲಕ್ಷ ಆಗುತ್ತದೆ. ಆಗ ಹಳೇದು ಕೊಟ್ಟ 3 ಲಕ್ಷ ಸೇರಿ 10 ಲಕ್ಷದ ಕಾರನ್ನು ಸಾಲವಿಲ್ಲದೆ ತರಬಹುದು.

ಹಾಗೆ ಕೂಡಿಡುವವರಿಗೆ ಒಂದು ನೆನಪು. ಸ್ವಂತ ಬಳಕೆಯ ಕಾರಿಗೆ ಝಕಾತ್ ಇಲ್ಲ. ಆದರೆ ಕಾರಿಗೆಂದು ಇಟ್ಟ ಹಣ ನಿಸಾಬ್ ಮುಟ್ಟಿ ಒಂದು ಹಿಜರಿ ವರ್ಷ ಕಳೆದರೆ ಶೇ. 2.5 ಕೊಡಬೇಕು.

ತೆಗೆಯುವುದೇ ಆದರೆ ತೆರಿಗೆ ನೋಡಿ ತೆಗೆಯಿರಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18. ದೊಡ್ಡದಕ್ಕೆ ಶೇ. 40. ಒಂದು ಲೀಟರ್ ಟರ್ಬೋದ ಐ20 ಎನ್ ಲೈನ್ ಮೊದಲ ಸಾಲಿಗೆ, 1.5 ಲೀಟರಿನ ವರ್ಟಸ್ ಜಿಟಿ ಎರಡನೆಯದಕ್ಕೆ ಸೇರುತ್ತವೆ. ವರ್ಟಸ್ ಜಿಟಿಯಲ್ಲಿ 150 ಪಿಎಸ್ ಇದೆ ನಿಜ, ಆದರೆ ಅದರ ಆಟೋಮ್ಯಾಟಿಕ್ ಕೂಡ 7 ಸ್ಪೀಡ್ ಡಿಎಸ್‌ಜಿಯೇ. ಡಿಎಸ್‌ಜಿಗೆ ಹೆದರಿ ಹಳೇದು ಕೊಡುವವರು ಇದನ್ನೂ ತಿಳಿದಿರಲಿ. ಹಳೇ ಪಾಲಿಸಿಯ ನೋ ಕ್ಲೇಮ್ ಬೋನಸ್ ಶೇ. 50ರವರೆಗೆ ಇರಬಹುದು. ಅದು ಕಾರಿನದ್ದಲ್ಲ, ನಿಮ್ಮದು. ಮಾರುವಾಗ ಕಂಪೆನಿಯಿಂದ ಪತ್ರ ತೆಗೆದುಕೊಂಡರೆ ಹೊಸ ಕಾರಿಗೆ ಸಿಗುತ್ತದೆ.

ಕೊಡುವಾಗ ಆರ್‌ಸಿ ಮರೆಯಬೇಡಿ

ಗಡಿನಾಡಿನಲ್ಲಿ ಇದು ಎಲ್ಲಕ್ಕಿಂತ ದೊಡ್ಡ ವಿಷಯ. ಕೆಎಲ್-14 ನಂಬರಿನ ಕಾರು ಮಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ. ಹೆಸರು ಮಾತ್ರ ಬದಲಾಗುವುದಿಲ್ಲ. ಬೇರೆ ರಾಜ್ಯಕ್ಕೆ ಕೊಡುವುದಾದರೆ ಆರ್‌ಟಿಒದಿಂದ ಎನ್‌ಒಸಿ ಬೇಕು. ಖರೀದಿಸಿದವರು ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ಆ ಖರ್ಚಿಗೆ ಹೆದರಿ ಎಷ್ಟೋ ಜನ ಹಾಗೆಯೇ ಓಡಿಸುತ್ತಾರೆ.

ಕೈಕೈ ಬದಲಾದ ಕಾರಿನ ಅಪಘಾತದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಕ, ಪರಿಹಾರದ ಹೊಣೆಯೂ ಅವನದೇ. ನೀವು ಕೊಟ್ಟ ಸ್ಪೀಡ್ ಕಾರನ್ನು ಇನ್ಶೂರೆನ್ಸ್ ಇಲ್ಲದೆ ಯಾರೋ ಹುಡುಗ ಹೆದ್ದಾರಿಯಲ್ಲಿ ಓಡಿಸಿ ಒಂದು ಜೀವ ಹೋದರೆ, ಕೋರ್ಟ್ ನೋಟಿಸ್ ಬರುವುದು ನಿಮ್ಮ ಮನೆಗೆ. ನೀವು ಆ ಹೊತ್ತಿಗೆ ದಮ್ಮಾಮಿನಲ್ಲೋ ಶಾರ್ಜಾದಲ್ಲೋ ಇದ್ದರೂ ಅಷ್ಟೇ. ಆದ್ದರಿಂದ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಯಲ್ಲಿ ಕೊಟ್ಟು ಸುಮ್ಮನೆ ಕೂರಬೇಡಿ. ಹೆಸರು ಬದಲಾದದ್ದನ್ನು ಪರಿವಾಹನ್ ಆ್ಯಪಿನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಅಲ್ಲಿವರೆಗೆ ಬೆಲೆಯ ಸ್ವಲ್ಪ ಭಾಗ ಬಾಕಿ ಇಡುವ ಕರಾರು ಮಾಡಿಕೊಂಡರೆ ಖರೀದಿಸಿದವರೂ ಬೇಗ ಓಡಾಡುತ್ತಾರೆ.

ಒಟ್ಟಿನಲ್ಲಿ, ಬಾಡಿ ಗಟ್ಟಿಯಿದ್ದು, ಮನೆಗೆ ಇನ್ನೊಂದು ಕಾರಿದ್ದು, ದೊಡ್ಡ ರಿಪೇರಿಗೆ ಎರಡು ಲಕ್ಷ ಬೇರೆಯಾಗಿ ತೆಗೆದಿಡಲು ಸಾಧ್ಯವಿದ್ದರೆ ಹಳೇ ಜಿಟಿ ಇಟ್ಟುಕೊಳ್ಳಿ. ಈ ಮೂರರಲ್ಲಿ ಒಂದು ತಪ್ಪಿದರೂ ಕೊಟ್ಟುಬಿಡಿ, ಆದರೆ ಕೈಯಲ್ಲಿರುವ ಹಣಕ್ಕೆ ಬರುವ ಕಾರನ್ನೇ ತನ್ನಿ. ಮೊದಲ ಕೆಲಸ, ಈ ವಾರ ಕಾರನ್ನು ರ್‍ಯಾಂಪಿಗೆ ಏರಿಸಿ ಅಡಿಭಾಗ ನೋಡಿಸುವುದು. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.