ಹಳೆಯ ಯಂತ್ರದೋಣಿ: ದುರಸ್ತಿಯೋ, ಹೊಸದೋ?



1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಕಣಿವೆಗಳನ್ನು ತುಂಬಿದ ಮೇಲೆ, ಸಾಗರ ಸೀಮೆಯ ಅನೇಕ ಅಡಿಕೆ ತೋಟಗಳು ನೀರಿನಾಚೆ ಉಳಿದುಕೊಂಡವು. ಅಲ್ಲಿನ ಮನೆಗಳಿಗೆ ದೋಣಿ ಎಂಬುದು ಶೋಕಿಯ ವಸ್ತುವಲ್ಲ. ಅಡಿಕೆ ಮೂಟೆ ಸಾಗಿಸಲು, ಮೈಲುತುತ್ತ ತರಲು, ರಾತ್ರಿ ಹೊತ್ತು ಬಾಣಂತಿಯನ್ನೋ ವೃದ್ಧರನ್ನೋ ಆಸ್ಪತ್ರೆಗೆ ಮುಟ್ಟಿಸಲು ಅದೇ ದಾರಿ. ಸಂಜೆಯ ಮೇಲೆ ಲಾಂಚ್ ಇರುತ್ತಿರಲಿಲ್ಲವಾದ್ದರಿಂದ, ಕೈಲಾದವರು ಸ್ವಂತ ದೋಣಿಗೆ ಇಂಜಿನ್ ಕೂರಿಸಿಕೊಂಡರು. ಅಂಥ ದೋಣಿಗಳು ಈಗ ಮುದಿಯಾಗಿವೆ. ಇನ್ನೊಮ್ಮೆ ದುರಸ್ತಿ ಮಾಡಿಸುವುದೋ ಅಥವಾ ಹೊಸದನ್ನೇ ಕೊಳ್ಳುವುದೋ ಎಂಬುದನ್ನು ಇತ್ಯರ್ಥ ಮಾಡುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಅಗತ್ಯವನ್ನು ಅಳೆಯಿರಿ

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ತುಮರಿ ಕಡೆಯ ಸದಸ್ಯರು ಈಗ ಲಾರಿ, ಜೀಪುಗಳಲ್ಲೇ ಸಾಗರ ಸೇರಬಹುದು. ಆದರೆ ಹಿನ್ನೀರಿನ ಕವಲುಗಳ ನಡುವೆ ಇರುವ ಕೆಲವು ಮನೆಗಳಿಗೆ ಸೇತುವೆಯ ರಸ್ತೆ ಸೇರಲು ಇಂದಿಗೂ ನೀರು ದಾಟಲೇಬೇಕು ಅಥವಾ ಬಹುದೂರ ಸುತ್ತಬೇಕು.

ಆದ್ದರಿಂದ ಕಳೆದ ಒಂದು ವರ್ಷದಲ್ಲಿ ದೋಣಿ ಎಷ್ಟು ದಿನ ನೀರಿಗಿಳಿಯಿತು, ಯಾವ ಕೆಲಸಕ್ಕೆ ಇಳಿಯಿತು ಎಂದು ಬರೆದು ನೋಡಬೇಕು. ವರ್ಷಕ್ಕೆ ಹತ್ತಿಪ್ಪತ್ತು ದಿನದ ಬಳಕೆಯಾದರೆ ಹೊಸ ದೋಣಿಗೆ ಹಣ ಹೂಡುವುದು ಜಾಣತನವಲ್ಲ. ದಿನವೂ ಮಕ್ಕಳು ಅದರಲ್ಲೇ ಶಾಲೆಗೆ ದಾಟುವುದಾದರೆ ಪ್ರಶ್ನೆಯೇ ಬೇರೆಯಾಗುತ್ತದೆ.

ದೋಣಿ ಒಂದು, ಇಂಜಿನ್ ಇನ್ನೊಂದು

ನಮ್ಮಲ್ಲಿ ಅನೇಕರು ಎರಡನ್ನೂ ಒಂದೇ ಗಂಟು ಮಾಡಿ ಯೋಚಿಸುತ್ತಾರೆ. ಹೊರಗೆ ತೂಗುಹಾಕುವ ಇಂಜಿನ್ ಎರಡು ತಿರುಪು ಸಡಿಲಿಸಿದರೆ ಬೇರೆಯಾಗುವ ವಸ್ತು. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಅದಕ್ಕೂ ಮುಖ್ಯವಾದ ಇನ್ನೊಂದು ಮಾತಿದೆ. ಇಂಜಿನ್ ಕೆಟ್ಟರೆ ದೋಣಿ ನಿಲ್ಲುತ್ತದೆ, ಹುಟ್ಟು ಹಾಕಿ ದಡ ಸೇರಬಹುದು. ಮರವೋ ಫೈಬರೋ ಕೆಟ್ಟರೆ ದೋಣಿ ಮುಳುಗುತ್ತದೆ. ಆದ್ದರಿಂದ ಪರೀಕ್ಷೆ ದೋಣಿಯಿಂದಲೇ ಆರಂಭವಾಗಲಿ.

ದೋಣಿಯ ಪರೀಕ್ಷೆ

ಜನವರಿಯ ನಂತರ, ಕೊನೆ ಕೊಯ್ಲು ಮುಗಿದು ನೀರು ಇಳಿಯತೊಡಗಿದಾಗ, ದೋಣಿಯನ್ನು ದಡಕ್ಕೆಳೆದು ತೊಳೆದು ಒಣಗಿಸಿ ನೋಡಬೇಕು.

1. ಇಂಜಿನ್ ಕೂರುವ ಹಿಂಬದಿಯ ಹಲಗೆ. ಬಹಳಷ್ಟು ಫೈಬರ್ ದೋಣಿಗಳಲ್ಲಿ ಈ ಭಾಗದ ಒಳಗೆ ಪ್ಲೈವುಡ್ ಇರುತ್ತದೆ. ತಿರುಪಿನ ತೂತುಗಳ ಮೂಲಕ ನೀರು ಇಳಿದರೆ ಹೊರಗೆ ಏನೂ ಕಾಣದೆ ಒಳಗೆ ಕೊಳೆಯುತ್ತದೆ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಇದ್ದಲ್ಲಿ ಸದ್ದು ಖಣಿಲೆನ್ನುತ್ತದೆ, ಕೊಳೆತಲ್ಲಿ ಮಂಕಾಗುತ್ತದೆ. ಅನುಮಾನವಿದ್ದರೆ ಒಳಬದಿಯಿಂದ ಸಣ್ಣ ತೂತು ಕೊರೆದು ಹೊಟ್ಟನ್ನು ನೋಡಿ. ಒಣಗಿ ಬೆಳ್ಳಗಿದ್ದರೆ ಚಿಂತೆಯಿಲ್ಲ. ಕಪ್ಪಾಗಿ ಒದ್ದೆಯಾಗಿದ್ದರೆ ಆ ಹಲಗೆಯನ್ನು ತೆಗೆದು ಹೊಸದಾಗಿ ಕಟ್ಟಿಸಲೇಬೇಕು. ನೋಡಿದ ತೂತನ್ನು ಎಪಾಕ್ಸಿಯಿಂದ ಮುಚ್ಚುವುದನ್ನು ಮರೆಯಬಾರದು.

2. ತಳದ ಹಾಸು. ನಡೆದಾಡುವಾಗ ಕಾಲಡಿಯಲ್ಲಿ ಮೆತ್ತಗೆ ಕುಸಿದಂತಾದರೆ, ಕೆಳಗಿನ ಆಧಾರಪಟ್ಟಿಗಳು ಕೊಳೆತಿರುವ ಸಾಧ್ಯತೆ ಹೆಚ್ಚು.

3. ತೇಲುಬಲ. ಖಾಲಿ ದೋಣಿ ಮೊದಲಿಗಿಂತ ಆಳವಾಗಿ ಕೂರುತ್ತಿದೆಯೇ? ಹಾಗಿದ್ದರೆ ಒಳಗೆ ತುಂಬಿದ ಫೋಮ್ ನೀರು ಕುಡಿದಿರಬಹುದು. ನೀರು ಕುಡಿದ ಫೋಮ್ ಆಪತ್ತಿನಲ್ಲಿ ತೇಲಿಸುವುದರ ಬದಲು ಭಾರವಾಗುತ್ತದೆ.

4. ಬಿರುಕುಗಳು. ಮೇಲ್ಮೈಯ ಕೂದಲೆಳೆಯಂಥ ಗೆರೆಗಳು ಸಾಮಾನ್ಯವಾಗಿ ಅಂದದ ಪ್ರಶ್ನೆ ಮಾತ್ರ. ಫೈಬರ್ ನೂಲು ಕಾಣುವ ಬಿರುಕನ್ನು ಮಾತ್ರ ಬಿಡಬಾರದು. ಹಿನ್ನೀರಿನಡಿ ಇಂದಿಗೂ ಮುಳುಗಡೆಯ ಮರಗಳ ಬೊಡ್ಡೆಗಳಿವೆ. ಬೇಸಿಗೆಯಲ್ಲಿ ಅವುಗಳಿಗೆ ತಾಗಿದ ದೋಣಿಯ ತಳವನ್ನು ಉದ್ದಕ್ಕೂ ಕೈಯಾಡಿಸಿ ನೋಡಬೇಕು.

ಬಿರುಕು, ತೂತುಗಳ ದುರಸ್ತಿ ಕಷ್ಟವಲ್ಲ, ಆದರೆ ಒಣಹವೆ ಬೇಕು. ತೇವವಿದ್ದಲ್ಲಿ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಈ ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು. ಮಳೆಗಾಲದಲ್ಲಿ ಹಚ್ಚಿದ ತೇಪೆ ಬಹಳ ದಿನ ನಿಲ್ಲುವುದಿಲ್ಲ. ಹಿಂಬದಿಯ ಹಲಗೆ, ತಳದ ಆಧಾರ, ಫೋಮ್ ಮೂರೂ ಕೆಟ್ಟಿದ್ದರೆ ಆ ದೋಣಿಗೆ ಇನ್ನು ಹಣ ಸುರಿಯಬೇಡಿರೆಂದೇ ನಮ್ಮ ಸಲಹೆ.

ಇಂಜಿನ್ನಿನ ಪರೀಕ್ಷೆ

ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಎರಡು ಸಿಲಿಂಡರುಗಳ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರವಿದ್ದರೆ ರಿಂಗು ಅಥವಾ ಗ್ಯಾಸ್ಕೆಟ್ ಸವೆದಿರಬಹುದು. ಕೆಳಗಿನ ಗೇರು ಪೆಟ್ಟಿಗೆಯ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲಿನಿಂದ ನೀರು ಒಳಬಂದಿದೆ ಎಂದರ್ಥ. ಸೀಲು ಬದಲಿಸುವುದು ಸಣ್ಣ ಖರ್ಚು. ಎಣ್ಣೆಯಲ್ಲಿ ಲೋಹದ ಚೂರುಗಳಿದ್ದರೆ ಗೇರೇ ಸವೆದಿದೆ, ಅದು ದೊಡ್ಡ ಖರ್ಚು. ಇಂಜಿನ್ ಓಡುವಾಗ ಪಕ್ಕದಿಂದ ಚಿಮ್ಮುವ ನೀರಿನ ಎಳೆ ಸಣ್ಣದಾದರೆ ನೀರಿನ ಪಂಪಿನ ರಬ್ಬರ್ ಚಕ್ರವನ್ನು ಕೂಡಲೇ ಬದಲಿಸಿ. ಕೆಲವೇ ನೂರು ರೂಪಾಯಿಗಳ ಆ ಚಕ್ರಕ್ಕಾಗಿ ಇಡೀ ಇಂಜಿನ್ ಸುಟ್ಟುಕೊಳ್ಳುವುದು ತರವಲ್ಲ.

ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ನಳಿಕೆಗಳನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ತೊಟ್ಟಿಯಲ್ಲಿ ಉಳಿದ ಪೆಟ್ರೋಲಿನ ತಳದಲ್ಲಿ ನೀರು ಸೇರಿಕೊಂಡು ಇಂಜಿನ್ ಹಟ ಹಿಡಿಯುತ್ತದೆ. ಇಂಜಿನ್ನಿಗೆ ವಯಸ್ಸಾಯಿತೆಂದು ಗುಜರಿಗೆ ಹಾಕುವ ಮೊದಲು ನಳಿಕೆ ಬದಲಿಸಿ, ಕಾರ್ಬ್ಯುರೇಟರ್ ತೊಳೆಸಿ, ಹೊಸ ಪೆಟ್ರೋಲ್ ಹಾಕಿ ಒಮ್ಮೆ ನೋಡುವುದು ಒಳ್ಳೆಯದು. ಕೊನೆಯದಾಗಿ, ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸಿ. ಭಾಗವೇ ಸಿಗದ ಇಂಜಿನ್ ಎಷ್ಟು ಚೆನ್ನಾಗಿ ಓಡಿದರೂ ಮುಂದಿನ ಕೇಡಿನವರೆಗೆ ಮಾತ್ರ.

ಲೆಕ್ಕದ ಮಾತು

ಉದಾಹರಣೆಗೆ, ದುರಸ್ತಿಗೆ 60,000 ರೂ. ತಗಲುತ್ತದೆ, ಅದರಿಂದ ದೋಣಿ 4 ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 15,000 ರೂ. ಆಯಿತು. ಸಣ್ಣಪುಟ್ಟ ರಿಪೇರಿ ವರ್ಷಕ್ಕೆ 10,000 ರೂ. ಸೇರಿ 25,000 ರೂ. ಹೊಸ ದೋಣಿ, ಇಂಜಿನ್ ಸೇರಿ 3,00,000 ರೂ.; 15 ವರ್ಷದ ನಂತರ 30,000 ರೂ.ಗೆ ಮಾರಬಹುದು ಎಂದಾದರೆ ವರ್ಷಕ್ಕೆ 18,000 ರೂ.; ರಿಪೇರಿ 4,000 ರೂ. ಸೇರಿ 22,000 ರೂ. ಇಲ್ಲಿಗೆ ನಿಲ್ಲಿಸಿದರೆ ಹೊಸದೇ ಅಗ್ಗ.

ಆದರೆ ಹೂಡಿದ ಹಣಕ್ಕೆ ಬಡ್ಡಿಯಿದೆ. ನೂರಕ್ಕೆ 9ರಂತೆ, ಸರಾಸರಿ ಉಳಿದಿರುವ ಹೂಡಿಕೆಯ ಮೇಲೆ ಲೆಕ್ಕ ಹಾಕಿದರೆ, ಹಳೆಯದಕ್ಕೆ ವರ್ಷಕ್ಕೆ 2,700 ರೂ., ಹೊಸದಕ್ಕೆ 14,850 ರೂ. ಸೇರುತ್ತದೆ. ಒಟ್ಟು ಹಳೆಯದು 27,700 ರೂ., ಹೊಸದು 36,850 ರೂ. ಲೆಕ್ಕ ತಿರುಗಿತು. ಅಂಕಿಗಳು ಮನೆಯಿಂದ ಮನೆಗೆ ಬೇರೆಯಾಗುತ್ತವೆ. ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಬಾರದೆಂಬುದಷ್ಟೇ ಇದರ ಸಾರ.

ಈ ಲೆಕ್ಕ ಸಲ್ಲುವುದು ದೋಣಿಯ ಒಡಲು ಗಟ್ಟಿಯಿದ್ದಾಗ ಮಾತ್ರ. ಕೊಳೆತ ಹಲಗೆಯ ದೋಣಿಯಲ್ಲಿ ಉಳಿಸಿದ ಒಂಬತ್ತು ಸಾವಿರ ರೂಪಾಯಿ ಉಳಿತಾಯವಲ್ಲ.

ತೀರ್ಮಾನಕ್ಕೆ ಸೂತ್ರ

• ದೋಣಿ ಗಟ್ಟಿ, ಇಂಜಿನ್ ಸಣ್ಣ ದೋಷದ್ದು: ದುರಸ್ತಿ ಮಾಡಿಸಿ.
• ದೋಣಿ ಗಟ್ಟಿ, ಇಂಜಿನ್ ಸವೆದದ್ದು: ಇಂಜಿನ್ ಮಾತ್ರ ಬದಲಿಸಿ. ಹಿಂದಿನದಕ್ಕಿಂತ ಹೆಚ್ಚು ಭಾರದ, ಹೆಚ್ಚು ಅಶ್ವಶಕ್ತಿಯ ಇಂಜಿನ್ನನ್ನು ಹಳೆಯ ಹಲಗೆಗೆ ತೂಗುಹಾಕಬೇಡಿ.
• ಹಲಗೆ ಮಾತ್ರ ಕೊಳೆತದ್ದು, ಇಂಜಿನ್ ಚೆನ್ನಾಗಿರುವುದು: ಹಲಗೆ ಕಟ್ಟಿಸುವವರೆಗೆ ದೋಣಿ ನೀರಿಗಿಳಿಯಕೂಡದು.
• ಎರಡೂ ಕೆಟ್ಟದ್ದು: ಹೊಸದು. ಬಳಕೆ ಕಡಿಮೆಯಿದ್ದರೆ ಎರಡು ಮೂರು ಮನೆಯವರು ಸೇರಿ ಒಂದನ್ನು ಕೊಂಡು, ಖರ್ಚು ಮತ್ತು ಸರದಿಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು.

ಹೊಸದನ್ನು ಕೊಳ್ಳುವವರು 2021ರ ಒಳನಾಡು ನೌಕೆಗಳ ಕಾಯಿದೆಯ ನೋಂದಣಿಯ ಬಗ್ಗೆ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿಯೇ ಮುಂಗಡ ಕೊಡತಕ್ಕದ್ದು. ದೋಣಿ ಹಳೆಯದಿರಲಿ, ಹೊಸದಿರಲಿ, ಕೂರುವ ಪ್ರತಿಯೊಬ್ಬರಿಗೂ ಒಂದು ಜೀವರಕ್ಷಕ ಜಾಕೆಟ್, ಒಂದು ಜೊತೆ ಹುಟ್ಟು, ನೀರು ಎತ್ತಿ ಚೆಲ್ಲಲು ಒಂದು ಬಕೆಟ್ ಅದರಲ್ಲಿ ಇರಲೇಬೇಕು.

ಕಾಫಿ ಬೆಳೆಗಾರ ಸದಸ್ಯರಿಗೆ ದೋಣಿಯ ಹಂಗಿಲ್ಲದಿರಬಹುದು. ಆದರೆ ಹಳೆಯ ಪಲ್ಪರ್, ಪಂಪ್‌ಸೆಟ್, ಸಿಂಪರಣಾ ಯಂತ್ರಗಳಿಗೂ ಇದೇ ಕ್ರಮ ಸಲ್ಲುತ್ತದೆ: ಮೊದಲು ಅಗತ್ಯ, ಆಮೇಲೆ ಅಪಾಯ, ಕೊನೆಗೆ ಬಡ್ಡಿ ಸಹಿತ ಲೆಕ್ಕ. ಈ ಬೇಸಿಗೆಯಲ್ಲಿ, ಮೊದಲ ಮಳೆಗೆ ಮುನ್ನವೇ, ಹಿನ್ನೀರಿನ ಸದಸ್ಯರು ತಮ್ಮ ದೋಣಿಗಳನ್ನು ದಡಕ್ಕೆಳೆದು ತಟ್ಟಿ ನೋಡಬೇಕೆಂದು ಕೋರುತ್ತೇವೆ.