ಮಾತ್ರೆಯ ಹೆಸರೇ ನಕಲಿಯಾದಾಗ

ರಕ್ತದೊತ್ತಡಕ್ಕೆಂದು ವರ್ಷಗಟ್ಟಲೆ ಒಂದೇ ಮಾತ್ರೆಯನ್ನು ಸೇವಿಸುವ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಅವರು ಅದನ್ನು ಗುರುತಿಸುವುದು ಒಳಗಿನ ರಾಸಾಯನಿಕದಿಂದಲ್ಲ. ಸ್ಟ್ರಿಪ್ಪಿನ ಬಣ್ಣದಿಂದ, ಅದರ ಮೇಲೆ ಅಚ್ಚಾದ ಹೆಸರಿನಿಂದ. ಆ ಹೆಸರನ್ನು ಕದ್ದು ಸತ್ತ್ವವಿಲ್ಲದ ಪುಡಿಯ ಮೇಲೆ ಅಂಟಿಸಿದರೆ ರೋಗಿಗೆ ತಿಳಿಯುವ ಬಗೆಯಿಲ್ಲ. ಒತ್ತಡ ಇಳಿಯಲಿಲ್ಲವೆಂದು ವೈದ್ಯರು ಪ್ರಮಾಣವನ್ನು ಹೆಚ್ಚಿಸುತ್ತಾರೆ. ಮುಂದೆ ನಿಜವಾದ ಮಾತ್ರೆ ಕೈಗೆ ಬಂದ ದಿನ ಒತ್ತಡ ಅಪಾಯಕರವಾಗಿ ಕುಸಿಯಬಹುದು.

ಹೀಗಾಗಿ ಟ್ರೇಡ್‌ಮಾರ್ಕ್ ಎಂಬುದು ಕೇವಲ ವ್ಯಾಪಾರಿಗಳ ಸೊತ್ತಿನ ವಿಷಯವಲ್ಲ. ಮಲೇರಿಯಾಕ್ಕೆ ಕೊಡುವ ಫಾಲ್ಸಿಗೊ ಮತ್ತು ಫಾಲ್ಸಿಟ್ಯಾಬ್ ಎಂಬ ಎರಡು ಔಷಧಗಳ ಹೆಸರಿನ ಹೋಲಿಕೆಯ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ, ಔಷಧಗಳ ವಿಷಯದಲ್ಲಿ ಗೊಂದಲದ ಸಾಧ್ಯತೆಯನ್ನು ಇತರ ಸರಕುಗಳಿಗಿಂತ ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂದು ಹೇಳಿತು. ಅಲ್ಲಿದ್ದುದು ಹೋಲಿಕೆ ಮಾತ್ರ. ನಕಲಿ ಔಷಧದಲ್ಲಿರುವುದು ನೇರ ವಂಚನೆ. ಬೇರೆ ತಯಾರಕರ ಹೆಸರನ್ನು ಸುಳ್ಳಾಗಿ ಹೊತ್ತ ಔಷಧವನ್ನು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 17-ಬಿ ವಿಧಿಯು ನಕಲಿಯೆಂದು ಹೇಳುತ್ತದೆ. ಜನೌಷಧಿ ಕೇಂದ್ರದ ಕಡಿಮೆ ಬೆಲೆಯ ಮಾತ್ರೆಯನ್ನು ಇದರೊಡನೆ ಬೆರೆಸಬಾರದು. ಅದು ತನ್ನ ಸ್ವಂತ ಹೆಸರಿನಲ್ಲೇ ಬರುತ್ತದೆ.

2023ರ ಆಗಸ್ಟ್ 1ರಿಂದ ಹೆಚ್ಚು ಬಳಕೆಯ 300 ಔಷಧಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮನೆಯ ಮಕ್ಕಳಿಂದ ಮೊಬೈಲಿನಲ್ಲಿ ಅದನ್ನು ಓದಿಸಿ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ, ಅವಧಿ ಮುಗಿಯುವ ದಿನಾಂಕಗಳು ಮುದ್ರಿತ ವಿವರಕ್ಕೆ ಹೊಂದುತ್ತವೆಯೇ ಎಂದು ನೋಡಬಹುದು. ಆದರೆ ಕೋಡನ್ನೂ ನಕಲು ಮಾಡಲು ಬರುತ್ತದೆ. ಅಕ್ಷರದೋಷ, ಮಾಸಲು ಮುದ್ರಣ, ಎಂದಿಗಿಂತ ಬೇರೆಯಾದ ಬಣ್ಣ ಅಥವಾ ರುಚಿಯನ್ನು ಕಡೆಗಣಿಸಬಾರದು.

ಸಂದೇಹ ಬಂದಾಗ ಚಿಕಿತ್ಸೆಯನ್ನು ತಾವಾಗಿಯೇ ನಿಲ್ಲಿಸದೆ ಮೊದಲು ವೈದ್ಯರನ್ನು ಕಾಣಬೇಕು. ಮಾತ್ರೆಗಳನ್ನು ಕಸಕ್ಕೆ ಎಸೆಯುವುದು, ಅಂಗಡಿಗೆ ಹಿಂದಿರುಗಿಸಿ ಹಣ ಪಡೆಯುವುದು, ಇವೆರಡೂ ಸಾಕ್ಷ್ಯವನ್ನು ಅಳಿಸುವ ಕೆಲಸಗಳು. ಉಳಿದ ಮಾತ್ರೆ, ಸ್ಟ್ರಿಪ್, ಹೊರಪೆಟ್ಟಿಗೆ, ಬಿಲ್ಲುಗಳನ್ನು ಹಾಗೆಯೇ ಕಾದಿರಿಸಿ, ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು ಸರಿಯಾದ ಮಾರ್ಗ. ಔಷಧ ಪರಿವೀಕ್ಷಕರು ಅಂಗಡಿಯಿಂದ ಮಾದರಿ ತೆಗೆದು ಸರ್ಕಾರಿ ವಿಶ್ಲೇಷಕರಿಗೆ ಕಳುಹಿಸುತ್ತಾರೆ. ಬಹಳ ಜನ ಅರಿಯದ ಸಂಗತಿಯೊಂದಿದೆ: ಕಾಯ್ದೆಯ 26ನೆಯ ವಿಧಿಯಂತೆ, ತಾನು ಕೊಂಡ ಔಷಧವನ್ನು ಯಾವ ವ್ಯಕ್ತಿಯಾದರೂ ನಿಗದಿತ ಶುಲ್ಕ ತೆತ್ತು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿಯುಳ್ಳ ವರದಿ ಪಡೆಯಬಹುದು. ಔಷಧದಿಂದ ದೇಹಕ್ಕೆ ತೊಂದರೆಯಾಗಿದ್ದರೆ 1800 180 3024 ಎಂಬ ಉಚಿತ ಸಹಾಯವಾಣಿಗೂ ತಿಳಿಸಬೇಕು.

ಪರಿಚಯದ ಅಂಗಡಿಯವರಿಗೆ ಕೇಡಾದೀತೆಂಬ ದಾಕ್ಷಿಣ್ಯದಿಂದಲೇ ಎಷ್ಟೋ ದೂರುಗಳು ಮನೆಯಲ್ಲಿ ಉಳಿದುಬಿಡುತ್ತವೆ. ಈ ಅಂಜಿಕೆ ಅಷ್ಟು ಸಾಧಾರವಲ್ಲ. ಪರವಾನಗಿಯುಳ್ಳ ವಿತರಕರಿಂದ ಕೊಂಡು, ಸರಿಯಾಗಿ ದಾಸ್ತಾನಿಟ್ಟು, ಎಚ್ಚರ ವಹಿಸಿಯೂ ಮೋಸ ತಿಳಿಯದೆ ಮಾರಿದ ವ್ಯಾಪಾರಿಗೆ ಕಾಯ್ದೆಯು ರಕ್ಷಣೆ ನೀಡುತ್ತದೆ. ಅವರು ಯಾರಿಂದ ಕೊಂಡರೆಂಬುದನ್ನು ಮಾತ್ರ ಪರಿವೀಕ್ಷಕರಿಗೆ ತಿಳಿಸಲೇಬೇಕು. ಆ ಎಳೆ ಹಿಡಿದೇ ತನಿಖೆಯು ಮೂಲದವರೆಗೆ ಸಾಗುತ್ತದೆ.

ನಕಲಿ ಔಷಧದಿಂದ ಸಾವು ಅಥವಾ ತೀವ್ರ ಹಾನಿಯಾದರೆ ತಪ್ಪಿತಸ್ಥರಿಗೆ ಕನಿಷ್ಠ 10 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ, 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ಉಂಟು. ವಸೂಲಾದ ದಂಡವು ನೊಂದ ರೋಗಿಗೆ, ಆತ ತೀರಿಕೊಂಡಿದ್ದರೆ ಅವನ ಬಂಧುಗಳಿಗೆ ಪರಿಹಾರವಾಗಿ ಸಲ್ಲುತ್ತದೆ.